ನಾನು ತಿಕ್ಕಿದ ತಟ್ಟೆ

ಹೋದ ವಾರ ಮಿಕ್ಸಿ ಕೆಟ್ಟಿತು. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಇರುವ ರಿಪೇರಿ ಅಂಗಡಿಗೆ ಎತ್ತಿಕೊಂಡು ಹೋದೆ. ಅಂಗಡಿಯವನು ಸ್ಟೂಲು ಎಳೆದು ಕೂರಿಸಿ, ಮಿಕ್ಸಿಯ ತಳ ಬಿಚ್ಚಿ, ಒಳಗಿನ ತಂತಿಯೊಂದಕ್ಕೆ ಬೆಸುಗೆ ಹಾಕತೊಡಗಿದ. ಕಾದ ಕಡ್ಡಿ ರಾಳಕ್ಕೆ ತಾಗಿ ಒಂದೆಳೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದ ಮೇಲೆ ನನಗೆ ಕೂರಲಾಗಲಿಲ್ಲ. ಎದ್ದೆ. ಬಾಗಿಲಿಗೆ ಹೋದೆ, ಒಳಗೆ ಬಂದೆ, ಮತ್ತೆ ಬಾಗಿಲಿಗೆ ಹೋದೆ.

"ಕೂತ್ಕಳ್ಳಜ್ಜಿ, ಐದೇ ನಿಮಿಷ," ಅಂದ.

"ನಿನ್ ಕೆಲ್ಸ ನೋಡಪ್ಪ ನೀನು," ಅಂದೆ.

ಮಿಕ್ಸಿ ಸರಿಹೋಯಿತು. ನನ್ನ ಮನಸ್ಸು ಮಾತ್ರ ಅವತ್ತಿನಿಂದ ಒಂದು ಕಡೆ ನಿಂತಿಲ್ಲ. ಅನ್ನಕ್ಕಿಟ್ಟರೆ ಸೀದುಹೋಗುತ್ತದೆ, ಬಟ್ಟೆ ನೆನೆಹಾಕಿದರೆ ಮರೆತುಹೋಗುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದಲ್ಲಿ ತಿದ್ದಿಕೊಳ್ಳಿ.

ಅದು ನಮ್ಮ ಎದುರುಮನೆಯ ವಾಸನೆ. ನನ್ನ ಯಜಮಾನರು ರೈಲ್ವೆಯಲ್ಲಿದ್ದರು, ನಮ್ಮ ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ಎದುರಿಗಿದ್ದವರು ರೇಡಿಯೊ ರಿಪೇರಿ ಮಾಡುತ್ತಿದ್ದರು. ನೆಂಟರೇನಲ್ಲ, ಆದರೂ ನಾನು ಅವರನ್ನು ಅಣ್ಣಯ್ಯ ಎಂದೇ ಕರೆಯುತ್ತಿದ್ದೆ, ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಿಚ್ಚಿದ ರೇಡಿಯೊಗಳು, ಗಾಜಿನ ವಾಲ್ವುಗಳು, ತಂತಿಯ ಉಂಡೆಗಳು... ಕಾಲಿಡಲು ಜಾಗ ಹುಡುಕಬೇಕಿತ್ತು. ಊರಿಗೆಲ್ಲ ಟಿವಿ ಬಂದ ಮೇಲೆ ಅವರ ಹತ್ತಿರ ಬರುವವರು ಕಡಿಮೆಯಾಗಿದ್ದರು. ಕೈಗೆ ಕೆಲಸವಿಲ್ಲದ ಮನುಷ್ಯ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಅವರಿಗೆ ಒಂದು ಕಥೆಯಿತ್ತು. ಬೀದಿಯವರೆಲ್ಲ ನೂರು ಸಲ ಕೇಳಿದ್ದ ಕಥೆ. ಅವರಿಗೆ ಇಪ್ಪತ್ತು ವರ್ಷವಿದ್ದಾಗ ಮದ್ರಾಸಿನ ಸಿನಿಮಾ ಕಂಪನಿಯೊಂದು ಹಳೇಬೀಡಿಗೆ ಬಂದಿತ್ತಂತೆ. ರಾಜಕುಮಾರಿ, ಮಂತ್ರವಾದಿ ಇದ್ದ ಸಿನಿಮಾ. ರಾಜಕುಮಾರಿ ಎಲ್ಲಿ ಅಡಗಿದ್ದರೂ ಮಂತ್ರವಾದಿ ಒಂದು ಪೆಟ್ಟಿಗೆಯೊಳಗೆ ನೋಡಿ ಹಿಡಿಯುತ್ತಾನೆ. ಮದ್ರಾಸಿನಿಂದ ತಂದ ಆ ಪೆಟ್ಟಿಗೆ ಜಾವಗಲ್ ದಾಟಿದ ಮೇಲೆ ಲಾರಿಯಿಂದ ಬಿದ್ದು ಪುಡಿಯಾಯಿತಂತೆ. ಆಗ ಅರಸೀಕೆರೆಯ ರೇಡಿಯೊ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಇವರನ್ನು ಕರೆದುಕೊಂಡು ಹೋದರಂತೆ. ಎರಡೇ ದಿನದಲ್ಲಿ, ಸಿಕ್ಕಿದ ಸಾಮಾನಿನಲ್ಲಿ, ಹಳೇಬೀಡಿನ ದೇವಸ್ಥಾನದ ಎದುರಿನ ಮರದ ಕೆಳಗೆ ಕೂತು ಇವರು ಹೊಸ ಪೆಟ್ಟಿಗೆ ಮಾಡಿಕೊಟ್ಟರಂತೆ.

ಅಂತೆ ಅಂತೆ ಎಂದು ಏಕೆ ಬರೆಯುತ್ತಿದ್ದೇನೆಂದರೆ, ಯಾರೂ ನಂಬುತ್ತಿರಲಿಲ್ಲ. ಆ ಸಿನಿಮಾ ನಮ್ಮೂರಿನ ಟೆಂಟಿಗೆ ಬಂದು ನಾಲ್ಕು ದಿನಕ್ಕೆ ಎತ್ತಿಹೋಗಿತ್ತು. ನೋಡಿದವರು, ಪೆಟ್ಟಿಗೆ ಇತ್ತು, ಅದನ್ನು ನೀನು ಮಾಡಿದ್ದು ಅನ್ನೋದಕ್ಕೆ ಏನು ಸಾಕ್ಷಿ ಎಂದರು. ಅಲ್ಲಿಂದ ಅವರಿಗೆ ಬೀದಿಯಲ್ಲಿ 'ಸಿನಿಮಾದವನು' ಎಂಬ ಅಡ್ಡಹೆಸರು ನಿಂತಿತು. ವಾಲ್ವು ಸುಟ್ಟಿದೆ ಎಂದರೂ ಗಿರಾಕಿಗಳು "ಇದೂ ಸಿನಿಮಾನಾ?" ಎಂದು ನಗುತ್ತಿದ್ದರು. ಅದೆಲ್ಲ ಅವರು ತಡೆದುಕೊಂಡರು. ಅತ್ತಿಗೆಯೂ ನಂಬಿರಲಿಲ್ಲ ಎನ್ನುವುದೊಂದೇ ಅವರಿಗೆ ಸಹಿಸಲಾಗದ ಮಾತಾಗಿತ್ತು. ಸಿನಿಮಾಕ್ಕೆ ಕೆಲಸ ಮಾಡಿದ ಹುಡುಗ ಎಂದು ಮದುವೆ ಮಾತುಕತೆಯಲ್ಲಿ ಹೇಳಿದ್ದರು. ಆಮೇಲೆ ಅತ್ತಿಗೆಯ ತವರಿನವರು ಅದನ್ನೇ ಎತ್ತಿ ಆಡಿಕೊಂಡಿದ್ದರು. "ಸುಳ್ ಹೇಳಿ ಕಟ್ಕಂಡ್ರು," ಎಂದು ಅತ್ತಿಗೆ ಜಗಳದಲ್ಲಿ ಒಂದು ಮಾತು ಎಸೆದರೆ ಅಣ್ಣಯ್ಯ ಅವತ್ತೆಲ್ಲ ಊಟ ಮಾಡುತ್ತಿರಲಿಲ್ಲ.

ಒಂದು ವರ್ಷ ಶ್ರಾವಣದಲ್ಲಿ ಅತ್ತಿಗೆಯ ತಮ್ಮ ಬಂದ. ಅವನು ಬೇಲೂರಿನಲ್ಲಿ ಟೆಂಪೊ ಓಡಿಸುತ್ತಿದ್ದ. ದಸರಾ ಕಳೆದ ಮೇಲೆ ಯಾವುದೋ ಸೀರಿಯಲ್ಲಿನವರು ಬೇಲೂರಿಗೆ ಬರುತ್ತಾರೆ, ಅವರ ಜೊತೆ ಮದ್ರಾಸಿನ ಒಬ್ಬ ಮುದುಕರೂ ಬರುತ್ತಾರೆ ಎಂದ. ಆ ಮುದುಕರು ಹಿಂದೆ ಸಿನಿಮಾಗಳಿಗೆ ಸಿಂಹಾಸನ, ಕತ್ತಿ, ಕಿರೀಟ ಎಲ್ಲ ಮಾಡಿಸುತ್ತಿದ್ದವರು. ಅಣ್ಣಯ್ಯ ಎದ್ದು ನಿಂತುಬಿಟ್ಟರು. "ಅವರೇ ಕಣೋ. ಅವರೇ ನನ್ನ ಕೈಲಿ ಮಾಡ್ಸಿದ್ದು."

ಅವತ್ತಿನಿಂದ ಶುರುವಾಯಿತು. ಬರಿಗೈಯಲ್ಲಿ ಹೋಗಿ ನಾನೇ ಎಂದರೆ ಅವರಿಗೇನು ಗುರುತು, ಪೆಟ್ಟಿಗೆಯನ್ನೇ ಮತ್ತೆ ಮಾಡಿ ಮುಂದಿಡುತ್ತೇನೆ ಎಂದರು. ಅದೂ ಹಳೆಯ ಸಾಮಾನಿನಿಂದಲೇ ಆಗಬೇಕು. ಪೆಟ್ಟಿಗೆಗೆ ಒಂದು ಮುದಿ ವಾಲ್ವ್ ರೇಡಿಯೊದ ತೇಗದ ಮೈ ಆಯಿತು. ಪಕ್ಕದಲ್ಲಿ ತಿರುಗಿಸುವ ಚಕ್ರಕ್ಕೆ ಗಂಡಸಿಯ ಟೈಲರ್ ಒಬ್ಬನನ್ನು ಮೂರು ಸಲ ಕಾಡಿ, ಮೂಲೆಗೆ ಬಿದ್ದಿದ್ದ ಹೊಲಿಗೆ ಮಷೀನಿನ ಗಾಲಿ ತಂದರು. ಬಾಣಾವರದ ಒಂದು ಮನೆಯ ಅಟ್ಟದಿಂದ ಗ್ರಾಮಫೋನಿನ ಹಿತ್ತಾಳೆ ತುತ್ತೂರಿ ಬಂತು. ರೈಲ್ವೆ ಕೈದೀಪದ ಕೆಂಪು ಗಾಜನ್ನು ನಮ್ಮ ಯಜಮಾನರು ಕೊಟ್ಟರು. ಗುಜರಿಯಲ್ಲಿ ಒಂದು ಸೈಕಲ್ ಬೆಲ್ಲಿನ ಬಟ್ಟಲು ಹುಡುಕಲು ಇಡೀ ದಿನ ಕೂತಿದ್ದರು. ಹೊಸದು ಹಾಕಿದರೆ ಏನು ಗಂಟು ಹೋಗುತ್ತೆ ಎಂದು ನಾನು ಕೇಳಿದೆ. "ಅವರ ಕಣ್ಣು ನಿಂಗೊತ್ತಿಲ್ಲ ಕಣವ್ವ. ಹೊಸ ತಗಡು ಮೂರು ಮಾರು ದೂರದಿಂದ ಗೊತ್ತಾಯ್ತದೆ," ಅಂದರು.

ಟೀ ಅಂಗಡಿಯಲ್ಲಿ ಅವರ ವಾರಿಗೆಯವರು ಸುಮ್ಮನಿರುತ್ತಾರೆಯೆ?

"ಏನ್ಲಾ, ಪೆಟ್ಟಿಗೇಲಿ ರಾಜಕುಮಾರಿ ಕಂಡ್ಲಾ?"

"ಕಂಡ್ಲು ಕಣ್ಲಾ. ಹಿಂದ್ಗಡೆ ನಿನ್ ಹೆಂಡ್ರು ಪೊರಕೆ ಹಿಡ್ಕಂಡು ನಿಂತಿದ್ರು."

ನಗಾಡುತ್ತಲೇ ಹೇಳುತ್ತಿದ್ದರು, ಮನೆಗೆ ಬಂದು ಪೆಟ್ಟಿಗೆಯನ್ನು ಮತ್ತೆ ಬಿಚ್ಚುತ್ತಿದ್ದರು. ಗಾಜು ಒಂದು ಬೆರಳು ಮೇಲಿತ್ತು, ಗಾಲಿ ಎಡಕ್ಕಿತ್ತು ಎಂದು ಕಟ್ಟಿದ್ದನ್ನು ಐದು ಸಲ ಬಿಚ್ಚಿ ಕಟ್ಟಿದರು. "ಈ ಓಡಾಟದಲ್ಲಿ ಮಾಲೇಕಲ್ಲು ಬೆಟ್ಟ ಹತ್ತಿದ್ರೆ ಪುಣ್ಯನಾದ್ರೂ ಬರೋದು," ಎಂದು ಅತ್ತಿಗೆ ಒಳಗಿನಿಂದಲೇ ಕೂಗುತ್ತಿದ್ದರು.

ಆಯುಧಪೂಜೆ ಬಂತು. ಅವತ್ತು ನಮ್ಮ ಕಡೆ ಮನೆಯ ಕತ್ತಿ, ಕುಡುಗೋಲು, ಮೆಟ್ಟುಗತ್ತಿ, ಸೈಕಲ್ಲು ಎಲ್ಲಕ್ಕೂ ಮೈ ತೊಳೆದು ವಿಭೂತಿ ಹಚ್ಚಬೇಕು. ಅತ್ತಿಗೆಗೆ ಮಂಡಿನೋವು, ಕೂತರೆ ಏಳಲಾಗುತ್ತಿರಲಿಲ್ಲ. ಅಣ್ಣಯ್ಯ ಯಾವುದೋ ವಾಲ್ವು ತರಲು ಬಾಣಾವರಕ್ಕೆ ಹೋಗಿದ್ದರು. "ಬಂದು ಕೈ ಹಾಕೇ," ಎಂದು ಅತ್ತಿಗೆ ಕರೆದರು, ಹೋದೆ. ಇಕ್ಕಳ, ಸುತ್ತಿಗೆ, ಬೆಸುಗೆ ಕಡ್ಡಿ ಒರೆಸಿಟ್ಟೆ. ಹಿತ್ತಾಳೆ ಸಾಮಾನುಗಳನ್ನೆಲ್ಲ ಹಿತ್ತಲಿಗೆ ಒಯ್ದು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದೆ. ತುತ್ತೂರಿ ತಿಕ್ಕಿದೆ, ಬೆಲ್ಲಿನ ಬಟ್ಟಲು ತಿಕ್ಕಿದೆ. ಬೆಂಚಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಅಂಗೈಯಗಲದ ಹಿತ್ತಾಳೆ ತಟ್ಟೆಯೊಂದಿತ್ತು. ನಾನು ಅದನ್ನು ಹಿಂದೆ ನೋಡಿರಲಿಲ್ಲ. ಅದನ್ನೂ ತಿಕ್ಕಿದೆ. ಕುಂಕುಮ ಇಟ್ಟು ಸಾಲಾಗಿ ಜೋಡಿಸಿದೆ. ಮದುವೆಮನೆಯ ಪಾತ್ರೆಗಳ ಹಾಗೆ ಥಳಥಳ ಅನ್ನುತ್ತಿದ್ದವು.

ಅಣ್ಣಯ್ಯ ಬಂದರು. ಎಲ್ಲ ನೋಡಿದರು. ತಟ್ಟೆಯನ್ನು ಎತ್ತಿಕೊಂಡು ಹಿಂದುಮುಂದು ಮಾಡಿದರು. ಬಾಗಿಲಿನ ಬೆಳಕಿಗೆ ಹೋಗಿ ಮತ್ತೆ ತಿರುಗಿಸಿದರು.

"ಇದ್ರ ಹಿಂದ್ಗಡೆನೂ ತಿಕ್ಬುಟ್ಯೇನವ್ವ?"

"ತಿಕ್ದೆ ಬಿಡ್ತಾರಾ? ತಟ್ಟೆ ಅಂದ್ಮೇಲೆ ಎರಡು ಮಗ್ಗಲು."

"ಏನಾರ ಇತ್ತಾ ಅಲ್ಲಿ?"

"ಮಸಿ ಇತ್ತು."

ಅವರು ಬೆಂಚಿನ ಮೇಲೆ ಕೂತರು. "ಚೆನ್ನಾಗಿ ಹೊಳೀತೈತೆ," ಅಂದರು. ಅಷ್ಟೇ. ಆಮೇಲೆ ಅದನ್ನು ಕೆಂಪು ಗಾಜಿನ ಹಿಂದೆ ಸ್ಕ್ರೂ ಹಾಕಿ ಕೂರಿಸಿದರು. ಮಂತ್ರವಾದಿ ನೋಡುವ ತಟ್ಟೆ ಅದೇ ಎಂದರು. ಆಗ ಹಳೇಬೀಡಿನಲ್ಲಿ ಎರಡು ತಟ್ಟೆ ಕತ್ತರಿಸಿದ್ದರಂತೆ. ಒಂದು ಪೆಟ್ಟಿಗೆಯ ಜೊತೆ ಮದ್ರಾಸಿಗೆ ಹೋಯಿತು, ಇನ್ನೊಂದು ಇವರ ಟ್ರಂಕಿನಲ್ಲಿ ಉಳಿಯಿತು. ಇಷ್ಟು ವರ್ಷ ಅದನ್ನು ಯಾರಿಗೂ, ಅತ್ತಿಗೆಗೂ ತೋರಿಸಿರಲಿಲ್ಲ. ಸಾಕ್ಷಿ ಕೊಟ್ಟು ಹೆಂಡತಿಯನ್ನು ನಂಬಿಸುವುದು ಅವರಿಗೆ ಬೇಕಿರಲಿಲ್ಲವೋ ಏನೋ...

ಬೇಲೂರಿಗೆ ನನ್ನನ್ನೂ ಕರೆದರು. ಅತ್ತಿಗೆಯ ಮಂಡಿ ಬಸ್ಸಿಗೆ ಆಗುತ್ತಿರಲಿಲ್ಲ. "ನೀನು ಬಾರವ್ವ. ಅವರು ಏನಂತಾರೋ ಕಿವಿಯಾರೆ ಕೇಳಿ ಇವಳಿಗೆ ಹೇಳು. ನಾನೇಳಿದ್ರೆ ನಂಬಾಕಿಲ್ಲ. ನಿನ್ ಬಾಯಲ್ಲಿ ಸುಳ್ ಬರಾಕಿಲ್ಲ ಅಂತ ಇಡೀ ಬೀದಿಗೇ ಗೊತ್ತು." ಅದು ನಿಜ. ಯಾರ ಮನೆಯ ಸಾರಿಗೆ ಉಪ್ಪು ಕಡಿಮೆಯಾಗಿದ್ದರೂ ಮುಖಕ್ಕೇ ಹೇಳುವವಳು ನಾನು. ಯಜಮಾನರು ಹೋಗಿ ಬಾ ಎಂದರು, ಹೊರಟೆ.

ಪೆಟ್ಟಿಗೆ ನನ್ನ ತೊಡೆಯ ಮೇಲೆ, ತುತ್ತೂರಿ ಮುಂದಿನ ಸೀಟಿನವಳ ಜಡೆಗೆ ಸಿಕ್ಕಿಕೊಳ್ಳುತ್ತಿತ್ತು. ಕಂಡಕ್ಟರ್ ಬಗ್ಗಿ ನೋಡಿ, "ಏನಮ್ಮೋ ಇದು?" ಅಂದ. "ಮಂತ್ರವಾದಿ ಪೆಟ್ಟಿಗೆ. ಮುಟ್ಟಿದ್ರೆ ಕೈ ಬಿದ್ದೋಯ್ತದೆ," ಅಂದೆ. ಅಣ್ಣಯ್ಯ ನಗಲಿಲ್ಲ. ದಾರಿಯುದ್ದಕ್ಕೂ ಎದ್ದು ಕೂತು, ಎದ್ದು ಕೂತು ಮಾಡಿದರು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕೈ ಹೊರಗೆ ಚಾಚಿ, "ಅಗೋ ಆ ಮರ," ಅಂದರು. ಅಡ್ಡಕ್ಕೆ ಟೂರಿಸ್ಟ್ ಬಸ್ಸು ನಿಂತಿತ್ತು. ನನಗೆ ಯಾವ ಮರವೂ ಕಾಣಲಿಲ್ಲ.

ಬೇಲೂರಿನಲ್ಲಿ ಆ ಮುದುಕರು ಲಾಡ್ಜಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಣ್ಣಯ್ಯ ಪೆಟ್ಟಿಗೆಯನ್ನು ಅವರ ಮುಂದಿಟ್ಟು, ಹೇಗೋ ಹೇಳಿ ಮುಗಿಸಿದರು. ಮುದುಕರು ಒಳ್ಳೆಯವರು. ಕನ್ನಡಕ ಏರಿಸಿ ಗಾಲಿ ತಿರುಗಿಸಿದರು, ಗಾಜಿನೊಳಗೆ ಇಣುಕಿದರು, ಜಗಲಿಯ ಪ್ಲಗ್ಗಿಗೆ ವೈರು ಸಿಕ್ಕಿಸಿದಾಗ ಒಳಗೆ ವಾಲ್ವು ಕೆಂಪಗೆ ಉರಿಯುವುದನ್ನು ನೋಡಿ ಖುಷಿಪಟ್ಟರು.

"ಇಂಥದೊಂದು ಪೆಟ್ಟಿಗೆ ಇತ್ತು. ನಿಜ. ಮದ್ರಾಸಿಂದ ತಂದಿದ್ದು ಅಂತ ನನ್ನ ನೆನಪು."

"ಅದು ಲಾರಿಯಿಂದ ಬಿದ್ದು ಒಡೆದುಹೋಯ್ತಲ್ಲ ಸ್ವಾಮಿ. ಆಮೇಲೆ ನಾನು..."

"ಇರಬಹುದಪ್ಪ. ಎಷ್ಟೋ ಸಿನಿಮಾ, ಎಷ್ಟೋ ಊರು." ಅವರೇ ಮುಂದುವರಿಸಿದರು: "ಹೊರಗಿನವರ ಹತ್ತಿರ ಮಾಡಿಸಿದರೆ ಒಂದೊಂದು ಸಾಮಾನಿನ ಹಿಂದುಗಡೆಯೂ ನಾನೇ ಬಣ್ಣದಲ್ಲಿ ಬರೀತಿದ್ದೆ. ಯಾರು ಮಾಡಿದ್ದು, ಯಾವ ಊರು, ಕೆಳಗೆ ನನ್ನ ಸಹಿ. ಅದು ನನ್ನ ಅಭ್ಯಾಸ. ನೋಡೋಣ."

ತಾವೇ ಸ್ಕ್ರೂ ಬಿಚ್ಚಿ ತಟ್ಟೆ ತೆಗೆದು ತಿರುಗಿಸಿದರು. ಅದರಲ್ಲಿ ಅವರದೇ ಮುಖ ಕಂಡಿತು.

"ಏನೂ ಇಲ್ಲವಲ್ಲ."

ಅಣ್ಣಯ್ಯ ನನ್ನ ಕಡೆ ತಿರುಗಲಿಲ್ಲ. "ಇತ್ತು ಸ್ವಾಮಿ. ಹಳೇದಲ್ವಾ, ಅಳಿಸ್ಕಂಡು ಹೋಗೈತೆ," ಅಂದರು. ಮುದುಕರು ಅವರ ಬೆನ್ನು ತಟ್ಟಿ, ಕೆಲಸ ಬಹಳ ಚೆನ್ನಾಗಿದೆ ಎಂದು ಕಾಫಿ ಕುಡಿಸಿ ಕಳಿಸಿದರು. ನಾನು ಸೆರಗಿನ ತುದಿ ಸುತ್ತುತ್ತಾ ನಿಂತಿದ್ದೆ.

ವಾಪಸ್ಸು ಬಂದಾಗ ಅತ್ತಿಗೆ ಬಾಗಿಲಲ್ಲೇ ಗೋಡೆ ಹಿಡಿದು ನಿಂತಿದ್ದರು. ಎಷ್ಟೇ ಆಡಿಕೊಂಡರೂ ಅವರಿಗೂ ಆಸೆಯಿತ್ತು ಎಂದು ನನಗೆ ಆಗ ತಿಳಿಯಿತು.

"ಏನಂದ್ರೇ?"

"ಗುರ್ತು ಸಿಗ್ಲಿಲ್ಲ ಅಂದ್ರು. ತಟ್ಟೆ ಹಿಂದೆ ಅವರೇ ಬರೀತಿದ್ರಂತೆ. ಅಣ್ಣಯ್ಯ ಮಾತ್ರ ಬರಹ ಇತ್ತು, ಅಳಿಸೋಯ್ತು ಅಂದ್ರು."

"ಇತ್ತಂತೆ, ಅಳಿಸೋಯ್ತಂತೆ." ಅತ್ತಿಗೆ ನನ್ನ ಕೈ ಹಿಡಿದರು. "ತಿಕ್ಕಿದೋಳು ನೀನು. ನಿನ್ ಮಾತು ನಂಬ್ತೀನಿ. ಹೇಳೇ, ಬರಹ ಇತ್ತಾ?"

ಅಣ್ಣಯ್ಯ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡದೆ ಹಾಗೇ ನಿಂತಿದ್ದರು.

"ಮಸಿ ಥರ ಇತ್ತತ್ತಿಗೆ," ಅಂದೆ. "ನಂಗೇನ್ ಗೊತ್ತು."

ಅವರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಹೋದರು.

ಆಮೇಲೆ ಆ ಮನೆಯಲ್ಲಿ ಸಿನಿಮಾ ಎಂಬ ಮಾತೇ ಬರಲಿಲ್ಲ. ಪೆಟ್ಟಿಗೆಯ ವಾಲ್ವು ಯಾವುದೋ ಮೇಷ್ಟರ ರೇಡಿಯೊಗೆ ಹೋಯಿತು. ಗಾಲಿಯನ್ನು ಗಂಡಸಿಯ ಟೈಲರಿಗೆ ಹಿಂದಕ್ಕೆ ಕೊಟ್ಟು ಬಂದರು. ಉಳಿದ ತೇಗದ ಡಬ್ಬದಲ್ಲಿ ಅತ್ತಿಗೆ ಈರುಳ್ಳಿ ಹಾಕಿಟ್ಟರು. ತಟ್ಟೆ ಏನಾಯಿತೋ ಗೊತ್ತಿಲ್ಲ. ನಾನು ಕೇಳಲಿಲ್ಲ. ನನ್ನ ಮೇಲೆ ಅಣ್ಣಯ್ಯನಿಗೆ ಸಿಟ್ಟಿದ್ದಂತೆ ಕಾಣಲಿಲ್ಲ, ಎದುರಾದರೆ "ಏನವ್ವ" ಎನ್ನುತ್ತಿದ್ದರು. ನಾಲ್ಕು ವರ್ಷಕ್ಕೆ ಅಣ್ಣಯ್ಯ ತೀರಿಕೊಂಡರು.

ಅತ್ತಿಗೆ ಆಮೇಲೆ ಬಾಣಾವರದಲ್ಲಿ ಮಗಳ ಮನೆಯಲ್ಲಿದ್ದರು. ಕೊನೆಗೆ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. "ಸುಳ್ಳುಗಾರನ ಜೊತೆ ಬಾಳಿದೆ ಕಣೇ," ಅಂದರು. "ಆದ್ರೂ ಒಳ್ಳೇನು. ಒಂದಿನ ಕೈ ಎತ್ತಲಿಲ್ಲ." ಹೇಳಿಬಿಡಬೇಕೆಂದು ಬಾಯಿಯವರೆಗೂ ಬಂತು. ಮಗಳು ಕಾಫಿ ತಂದಳು, ಕುಡಿದೆ, ರೈಲಿಗೆ ಹೊತ್ತಾಯಿತೆಂದು ಎದ್ದು ಬಂದೆ. ಅತ್ತಿಗೆಯೂ ಹೋಗಿ ಈಗ ಎರಡು ವರ್ಷ. ಹೇಳಬೇಕಾಗಿದ್ದ ಇಬ್ಬರೂ ಈಗಿಲ್ಲ. ಓದುವ ನಿಮಗೆ ಹೇಳಿ ಏನು ಬಂತು, ಆದರೂ ಹೇಳುತ್ತೇನೆ.

ಮಸಿ ಸಾಲು ಹಿಡಿದು ಕೂರುವುದಿಲ್ಲ. ಆ ತಟ್ಟೆಯ ಹಿಂದೆ ಮೂರು ಸಾಲಿತ್ತು, ಕೆಳಗೆ ಓರೆಯಾಗಿ ಒಂದು ಗೀಟು. ನನಗೆ ಓದಲು ಬರುವ ಅಕ್ಷರವಲ್ಲ, ಆದರೆ ಅಕ್ಷರವೇ. ಮೊದಲ ಸಾಲು ನಾರಿಗೆ ಅಂಟಿಕೊಂಡು ಬಂದಾಗಲೇ ನನಗೆ ಗೊತ್ತಾಯಿತು. ಆಗಲೇ ಕೈ ನಿಲ್ಲಿಸಿದ್ದರೆ ಇನ್ನೆರಡು ಉಳಿಯುತ್ತಿದ್ದವು. ಹಾಳು ಮಾಡಿದ್ದು ಗೊತ್ತಾಗಬಾರದೆಂದು ಇನ್ನಷ್ಟು ಬೂದಿ ಹಾಕಿಕೊಂಡು ಅವನ್ನೂ ತಿಕ್ಕಿಬಿಟ್ಟೆ.