ಬೆಂಚಿನ ಮೇಲೆ ಕೂರಲಾರದ ಮಾಲಕ್ಕ

ಮಾಲಿ ಕೆಲಸದಿಂದ ನಿವೃತ್ತಳಾದ ಮರುದಿನವೇ ಮಾಲಕ್ಕ ಬೆಳಿಗ್ಗೆ ಆರಕ್ಕೆ ಪಾರ್ಕಿನ ಗೇಟಿನ ಮುಂದೆ ನಿಂತಿದ್ದಳು. 'ಮಾಲಿ ಅಕ್ಕ' ಜನರ ಬಾಯಲ್ಲಿ ಸವೆದು ಆದ ಹೆಸರು ಅದು. "ಇನ್ನಾದ್ರೂ ಒಂದು ಕಡೆ ಕೂತ್ಕೊಳಮ್ಮ" ಎಂದು ಮಗಳು ಹೇಳಿದ್ದಳು. ಬೆಂಚಿನ ಮೇಲೆ ಕೂತಳು, ಐದೇ ನಿಮಿಷ. ಕಾಲಬುಡದಲ್ಲಿ ಕಳೆ ಕಂಡಿತು, ಕಿತ್ತಳು. ಪಕ್ಕದಲ್ಲೇ ಇನ್ನೊಂದು. ಹೊಸ ಮಾಲಿ ಬರುವಷ್ಟರಲ್ಲಿ ಅರ್ಧ ಪಾತಿ ಸ್ವಚ್ಛವಾಗಿತ್ತು.

"ಅಕ್ಕಾ, ಸುಮ್ನಿರೋಕಾಗಲ್ವಾ? ಮತ್ತೆ ನೀನ್ಯಾಕೆ ಇರೋದು ಅಂತ ಸಾಹೇಬ್ರು ನನ್ನ ಕೇಳಲ್ವಾ?" ಎಂದು ಅವನು ರೇಗಿದ.

ಅಂದಿನಿಂದ ಕೈ ಹಿಂದೆ ಕಟ್ಟಿಕೊಂಡು ಸುತ್ತುತ್ತಿದ್ದಳು. ವಾಕಿಂಗ್‌ನವರು ಮೂರು ಸುತ್ತು ಮುಗಿಸಿ ಮನೆಗೆ ಹೋದರೂ ಇವಳದು ಮುಗಿಯುತ್ತಿರಲಿಲ್ಲ.

ಎರಡನೇ ವಾರ, ಮೂಲೆಯ ಹುಲ್ಲಿನ ಮೇಲೆ ಸುಣ್ಣದ ಗೆರೆ ಕಂಡಿತು. ಮಕ್ಕಳಿಗೆ ಉಯ್ಯಾಲೆ ಹಾಕುತ್ತಾರಂತೆ. ಗೆರೆ ಹಾಕಿಸುತ್ತಿದ್ದ ಇಂಜಿನಿಯರನ ಬಳಿಗೆ ಮಾಲಕ್ಕ ನೆಟ್ಟಗೆ ನಡೆದಳು.

"ಇಲ್ಲಿ ಬೇಡಪ್ಪಾ, ಕೆಳಗೆ ಬಾವಿ ಇದೆ" ಎಂದಳು. "ಇದೆಲ್ಲಾ ಮೊದ್ಲು ಇಟ್ಟಿಗೆ ಗೂಡು. ಹೊಂಡ ತುಂಬ್ಸಿ ಪಾರ್ಕ್ ಮಾಡುವಾಗ ನಮ್ಮತ್ತೆ ಮಣ್ಣು ಹೊತ್ತಿದ್ಲು. ಬಾವಿ ತುಂಬ್ಸೋಕೆ ಬೇಜಾರಾಗಿ ಹಲಗೆ ಹಾಸಿ ಮುಚ್ಚಿದ್ರಂತೆ."

"ನಕ್ಷೇಲಿ ಯಾವ ಬಾವೀನೂ ಇಲ್ಲಮ್ಮ."

"ನಕ್ಷೆ ಬರೆದೋರು ಮಣ್ಣು ಹೊತ್ತಿಲ್ಲ ಕಣಪ್ಪ."

ಅವನು ನಕ್ಕುಬಿಟ್ಟ. ಮಾಲಕ್ಕನಿಗೆ ತಡೆಯಲಾಗಲಿಲ್ಲ. ಹೊಸ ಮಾಲಿಯ ಕೈಯಿಂದ ಹಾರೆ ಕಸಿದುಕೊಂಡು ಗೆರೆಯ ನಡುವೆ ಕುಟ್ಟಿದಳು. ಮೂರು ಏಟಿಗೆ ಮಣ್ಣು ಹಾರಿತು ಅಷ್ಟೆ. ಅತ್ತೆ ಹೇಳಿದ್ದು ಸುಳ್ಳಿರಬಹುದೇ ಎಂದು ಒಂದು ಗಳಿಗೆ ಅವಳಿಗೇ ಅಳುಕಾಯಿತು. ಎರಡು ಹೆಜ್ಜೆ ಸರಿದು ಮತ್ತೆ ಎತ್ತಿ ಹಾಕಿದಳು. ಹಾರೆ ಕೈಯಿಂದ ಜಾರಿ ನೆಲದೊಳಗೆ ಮಾಯವಾಯಿತು. ಒಂದೆರಡು ಕ್ಷಣದ ಮೇಲೆ, ಕೆಳಗೆಲ್ಲೋ ಕಲ್ಲಿಗೆ ಬಡಿದ ಸದ್ದು. ಹೊಸ ಮಾಲಿ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ಇಂಜಿನಿಯರ್ ಕೈಯಲ್ಲಿದ್ದ ನಕ್ಷೆ ಮಡಚಿದ.

ಉಯ್ಯಾಲೆಯನ್ನು ಬೇರೆ ಕಡೆ ಹಾಕಿದರು. ಬಾವಿ ತುಂಬಲು ಒಂಬತ್ತು ಲೋಡು ಕಲ್ಲು ಹಿಡಿಯಿತು. ಆಮೇಲೆ ಇಂಜಿನಿಯರೇ ಬಂದು, "ಈ ನೆಲದ ಕೆಳಗೆ ಇನ್ನೇನೇನಿದೆ ಹೇಳ್ಬಿಡಿ, ಕೂತ್ಕೊಂಡು ಬರ್ಕೊಳ್ತೀನಿ" ಎಂದ.

"ಕೂತ್ರೆ ನಂಗೆ ನೆನಪಾಗಲ್ಲ" ಎಂದು ಅವಳು ಹೊರಟೇಬಿಟ್ಟಳು. ಅವನು ಕಾಗದ ಹಿಡಿದು ಹಿಂದೆ ಓಡಿದ.

ಮನೆಗೆ ಬಂದು ನಿಂತೇ ಉಣ್ಣುತ್ತಿದ್ದವಳು ತುತ್ತು ಅರ್ಧಕ್ಕೇ ನಿಲ್ಲಿಸಿದಳು.

"ಏನಮ್ಮಾ?" ಮಗಳು ಕೇಳಿದಳು.

"ಹಳೇ ಪೈಪಿನ ವಿಷ್ಯ ಹೇಳೋದೇ ಮರೆತೆ ಕಣೇ."

"ನಾಳೆ ಹೇಳಿದ್ರಾಯ್ತು, ಮೊದ್ಲು ಉಣ್ಣು."

ಅಷ್ಟರಲ್ಲಿ ಮಾಲಕ್ಕ ಕೈ ತೊಳೆದು ಚಪ್ಪಲಿ ಹುಡುಕುತ್ತಿದ್ದಳು.