ಸಣ್ಣಸ್ವಾಮಿ ಗುರುತಿಸಿದ ಕೈ

ಕುಶಾಲನಗರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸಣ್ಣಸ್ವಾಮಿಯ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸದ್ದು ಮಾಡುವ ಪಂಪನ್ನಾಗಲಿ, ಮಿಕ್ಸಿಯನ್ನಾಗಲಿ ಅವನು ತಕ್ಷಣ ಬಿಚ್ಚುವವನಲ್ಲ. ಸ್ವಿಚ್ ಹಾಕಿ, ಕಣ್ಣು ಮುಚ್ಚಿ ಕೇಳುತ್ತಾನೆ. “ಬೇರಿಂಗ್ ಹೋಗೈತೆ” ಎಂದನೆಂದರೆ ಬಿಚ್ಚಿದಾಗ ಅದೇ ಹೋಗಿರುತ್ತದೆ. ಅಪ್ಪ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಭತ್ತ, ಶುಂಠಿ ಬೆಳೆದವರು. ಎಂಟನೇ ಕ್ಲಾಸಿಗೆ ಓದು ಬಿಟ್ಟ ಮಗನಿಗೆ ಗದ್ದೆಗಿಂತ ಪಂಪಿನ ಮನೆಯೇ ಹೆಚ್ಚು ಹಿಡಿಸಿತು. ಮೋಟಾರ್ ಸಮನಾಗಿ ತಿರುಗಿದರೆ ಸರಿ, ತಡವರಿಸಿದರೆ ಕೆಟ್ಟಿದೆ. ಐವತ್ತಾರು ವರ್ಷ ತುಂಬುವವರೆಗೂ ಅವನು ನಂಬಿದ್ದು ಇಷ್ಟನ್ನೇ.

ಎರಡು ವರ್ಷದ ಹಿಂದೆ ಮಡಿಕೇರಿಯಿಂದ ಸರೋಜಾ ಟೀಚರ್ ಹುಡುಕಿಕೊಂಡು ಬಂದರು. ಭಾಗಮಂಡಲದ ಕಡೆಯ ಅರೆಭಾಷೆ ಮಾತಿನ ಮನೆಯವರು. ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಮೂವತ್ತು ವರ್ಷ ಮಕ್ಕಳಿಗೆ ಪಿಯಾನೊ ಕಲಿಸಿ ನಿವೃತ್ತರಾದವರು. ಅವರ ಹಳೆಯ ರೆಕಾರ್ಡ್ ಪ್ಲೇಯರಿನ ಮೋಟಾರ್ ಸುಟ್ಟುಹೋಗಿತ್ತು. ಜೊತೆಗೆ ಟವೆಲಿನಲ್ಲಿ ಸುತ್ತಿದ ಮೂರು ಕಪ್ಪು ಪ್ಲೇಟುಗಳನ್ನೂ ತಂದಿದ್ದರು.

“ರಿಪೇರಿ ಆದ್ಮೇಲೆ ಇವನ್ನೇ ಹಾಕಿ ನೋಡಿ. ಮೂರರಲ್ಲೂ ಇರೋದು ಒಂದೇ ಮಜುರ್ಕಾ. ಪೋಲೆಂಡ್ ದೇಶದ ಕುಣಿತ ಅದು, ಪಿಯಾನೊಗೆ ಅಂತ ಬರ್ದದ್ದು. ನುಡಿಸಿದವ್ರು ಮಾತ್ರ ಬೇರೆ ಬೇರೆ. ತೊಂಬತ್ತು ವರ್ಷದ ಹಿಂದಿನವು, ಜೋಪಾನ.”

ಮೂರನೇ ದಿನ ಮೋಟಾರ್ ಸಿದ್ಧವಾಯಿತು. ಸಣ್ಣಸ್ವಾಮಿ ಮೊದಲ ಪ್ಲೇಟು ಹಾಕಿ ಮೊಣಕಾಲ ಮೇಲೆ ಬೆರಳು ತಟ್ಟತೊಡಗಿದ. ಒಂದು, ಎರಡು, ಮೂರು. ಒಂದು, ಎರಡು... ಮೂರು ಬರಲಿಲ್ಲ. ಬೆರಳು ಗಾಳಿಯಲ್ಲೇ ನಿಂತಿತು. ಇನ್ನು ಬರುವುದೇ ಇಲ್ಲವೇನೋ ಎನ್ನುವಾಗ ಮೆಲ್ಲಗೆ ಬಂತು.

ಮೋಟಾರ್ ಜಗ್ಗುತ್ತಿದೆ ಎಂದುಕೊಂಡು ಮತ್ತೆ ಬಿಚ್ಚಿದ. ರಬ್ಬರ್ ಗಾಲಿ ಬದಲಾಯಿಸಿದ. ಆದರೂ ಅದೇ ಕುಂಟು. ಕೊನೆಗೆ, ರಿವೈಂಡಿಂಗ್ ಕಲಿಸಿದ ಹಳೇ ಗುರುಗಳು ತೋರಿಸಿಕೊಟ್ಟಿದ್ದಂತೆ, ರಟ್ಟಿನ ಚಕ್ರದ ಮೇಲೆ ಎಪ್ಪತ್ತೇಳು ಗೆರೆ ಎಳೆದು ತಿರುಗುವ ಪ್ಲೇಟಿನ ಮೇಲಿಟ್ಟು, ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಹಾಕಿದ. ವೇಗ ಸರಿಯಿದ್ದರೆ ಆ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಾಣಬೇಕು. ಗೆರೆಗಳು ನೆಟ್ಟ ಕಲ್ಲಿನಂತೆ ನಿಂತವು. ಹಾಡು ಮಾತ್ರ ಕುಂಟುತ್ತಲೇ ಇತ್ತು.

ಎರಡನೆಯ ಪ್ಲೇಟು ಹಾಕಿದ. ಅದೇ ಹಾಡು, ಕುಂಟಿದ್ದು ಬೇರೆ ಕಡೆ. ಮೂರನೆಯದರಲ್ಲಿ ನುಡಿಸಿದಾಕೆ ಎರಡನೇ ಏಟಿನ ಮೇಲೆ ಕೂತು, ದಣಿವಾರಿಸಿಕೊಂಡು ಎದ್ದು ಹೋಗುತ್ತಿದ್ದಳು. ಸಣ್ಣಸ್ವಾಮಿ ಪ್ಲೇಟು ನಿಲ್ಲಿಸಿದ. ಫೋನ್ ಮಾಡಿದ.

“ಟೀಚರ್, ಮಿಷನ್ ಸರಿಯಾಗೈತೆ. ಪ್ಲೇಟ್‌ನಾಗೇ ತಪ್ಪೈತೆ. ಮೂರ್ ಜನವೂ ತಾಳ ತಪ್ಪವ್ರೆ.”

ಟೀಚರ್ ಬಿದ್ದು ಬಿದ್ದು ನಕ್ಕರು. ಮರುದಿನ ಬಂದವರು ಅಂಗಡಿಯ ತಾಮ್ರದ ತಂತಿಗಳ ನಡುವೆಯೇ ಚಪ್ಪಲಿ ಬಿಟ್ಟು, ಸೀರೆ ನೆರಿಗೆ ಎತ್ತಿ ಹಿಡಿದು ನಾಲ್ಕು ಹೆಜ್ಜೆ ಕುಣಿದು ತೋರಿಸಿದರು.

“ತಪ್ಪಲ್ಲ ಸಣ್ಣಸ್ವಾಮಿ ಅವ್ರೇ. ಎತ್ತಿದ ಕಾಲು ಗಾಳಿಯಲ್ಲಿ ಎಷ್ಟು ಹೊತ್ತು ಇರ್ಬೇಕು ಅಂತ ಕಾಗದದಲ್ಲಿ ಬರೀಲಿಕ್ಕೆ ಆಗ್ತದಾ? ಅದು ನುಡಿಸುವವ್ರ ಕೈಯಲ್ಲಿ ಇರೋದು.”

ಅಂದಿನಿಂದ ಭಾನುವಾರ ಬೆಳಿಗ್ಗೆ ಮಡಿಕೇರಿ ಬಸ್ಸು ಹತ್ತುವುದು ಅವನಿಗೆ ರೂಢಿಯಾಯಿತು. ಟೀಚರ್ ಕಾಫಿ ಕೊಟ್ಟು ಪ್ಲೇಟು ಹಾಕುವರು. ಕೆಲವೊಮ್ಮೆ ತಾವೇ ಪಿಯಾನೊ ಮುಂದೆ ಕೂತು ನುಡಿಸುವರು. ಅವನು ಪೆನ್ಸಿಲಿನಿಂದ ಪ್ರತಿ ಏಟಿಗೂ ಗೆರೆ ಎಳೆಯುವನು, ತಡವಾದಷ್ಟು ದೂರಕ್ಕೆ. ಒಮ್ಮೆ ಹೆಂಡತಿ ಸಿದ್ದಮ್ಮನೂ ಜೊತೆಗೆ ಬಂದಿದ್ದಳು. ಮೂರನೇ ಪ್ಲೇಟು ಕೇಳಿ, “ಈಯಮ್ಮ ಸೊಂಟದ ಮ್ಯಾಲೆ ತುಂಬಿದ್ ಕೊಡ ಇಟ್ಕಂಡು ನಡೀತವ್ಳೆ” ಎಂದಳು. ಟೀಚರ್ ಕೈಲಿದ್ದ ಲೋಟ ಕೆಳಗಿಟ್ಟು ಅವಳನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಅಷ್ಟು ಸರಿಯಾಗಿ ಹೇಳಿರಲಿಲ್ಲವಂತೆ.

ಕಳೆದ ಜನವರಿಯಲ್ಲಿ ಟೀಚರ್ ಬೀರುವಿನಿಂದ ನಾಲ್ಕನೆಯ ಪ್ಲೇಟೊಂದನ್ನು ತೆಗೆದರು. ಹೆಸರಿಲ್ಲ, ಚೀಟಿಯಿಲ್ಲ, ಅಂಚಿನಲ್ಲಿ ಕಪ್ಪು ಪದರ ಎದ್ದು ಒಳಗಿನ ಅಲ್ಯೂಮಿನಿಯಂ ಕಾಣುತ್ತಿತ್ತು. ಶಾಲೆ ಮುಗಿಸಿದ ದಿನ, ಪಿಯಾನೊ ಕಲಿಸಿದ ಸಿಸ್ಟರ್ ಕೊಟ್ಟದ್ದಂತೆ. “ಮೂರನೇ ಪ್ಲೇಟಿನದ್ದೇ ನಕಲು ಇರ್ಬೇಕು. ಬರೀ ಗೀರು ಅಂತ ನಾನು ಒಮ್ಮೆ ಕೇಳಿ ಒಳಗಿಟ್ಟೆ” ಎಂದರು.

ಎಣ್ಣೆಯಲ್ಲಿ ಹಪ್ಪಳ ಬಿಟ್ಟಂಥ ಸದ್ದಿನ ಹಿಂದೆ, ಬಹಳ ದೂರದಲ್ಲಿ, ಪಿಯಾನೊ ಕೇಳಿಸಿತು. ಸಣ್ಣಸ್ವಾಮಿ ಕಣ್ಣು ಮುಚ್ಚಿದ. ಮುಗಿದ ಮೇಲೆ ಇನ್ನೊಮ್ಮೆ ಹಾಕಲು ಹೇಳಿದ.

“ಇದು ಆಯಮ್ಮ ಅಲ್ಲ ಟೀಚರ್.”

“ಹೇಗೆ ಹೇಳ್ತೀರಿ?”

“ಆಯಮ್ಮ ಎರಡನೇ ಏಟಿನ ಮೇಲೆ ಕೂತ್ಕತಾರೆ. ಇವ್ರು ಕೂರಲ್ಲ. ಮೊದ್ಲ ಸಾಲು ಮೂರು ಸಲ ಬತ್ತದಲ್ಲ, ಎರಡು ಸಲ ಸುಮ್ನೆ ಹೋಯ್ತಾರೆ. ಮೂರನೇ ಸಲ ಮಾತ್ರ ಕೊನೇ ಏಟು ಮುಟ್ಟೋಕೆ ಮುಂಚೆ ಉಸ್ರು ಹಿಡೀತಾರೆ.” ಅವನು ಕಣ್ಣು ತೆರೆದು ಹೇಳಿದ, “ಹೋದ್ ವಾರ ನೀವು ನುಡಿಸ್ದಾಗ ನೀವೂ ಅಲ್ಲೇ ನಿಂತ್ರಿ.”

“ನಾನು ಯಾವತ್ತೂ ರೆಕಾರ್ಡ್ ಮಾಡ್ಸಿಲ್ಲ.”

“ನಿಮ್ದಲ್ಲ. ಈ ಕೈ ನಿಮಗಿಂತ ಗಟ್ಟಿ. ನಿಮ್ಗೆ ಕಲ್ಸಿದ್ರಲ್ಲ ಸಿಸ್ಟರು, ಅವ್ರು ಹೆಂಗೆ ನುಡಿಸ್ತಿದ್ರು?”

ಟೀಚರ್ ಮುಳ್ಳು ಎತ್ತಿಟ್ಟರು. ಎದ್ದು ಹೋಗಿ ಫೋನ್ ತೆಗೆದುಕೊಂಡರು. ಸಿಸ್ಟರ್ ತೀರಿಕೊಂಡು ನಲವತ್ತು ವರ್ಷ ದಾಟಿತ್ತು. ಆದರೆ ಅವರೊಂದಿಗೆ ಕಾನ್ವೆಂಟಿನಲ್ಲಿದ್ದ ಒಬ್ಬರು, ತೊಂಬತ್ತು ದಾಟಿದವರು, ಮೈಸೂರಿನಲ್ಲಿ ಇದ್ದರು. ಟೀಚರ್ ಅವರನ್ನೇ ಕೇಳಿದರು. ಆ ಕಡೆಯಿಂದ ಕ್ಷೀಣ ಧ್ವನಿ ಹೇಳಿತು: ಹೌದು, ಐವತ್ತಾರನೇ ಇಸವಿಯಲ್ಲಿ ಎಸ್ಟೇಟಿನ ಒಬ್ಬರು ಪ್ಲೇಟು ಕೊರೆಯುವ ಮಿಷನ್ ತಂದಿದ್ದರು. ಸಿಸ್ಟರ್ ಒಂದೇ ಒಂದು ನುಡಿಸಿದರು. ತನ್ನದು ಎಂದು ಯಾರಿಗೂ ಹೇಳಬಾರದು, ಅದು ಜಂಬವಾಗುತ್ತದೆ ಎಂದು ನಮ್ಮಿಂದ ಮಾತು ತೆಗೆದುಕೊಂಡರು.

ಟೀಚರ್ ಫೋನ್ ಇಟ್ಟು ಬಂದು ಪ್ಲೇಟಿನ ಮುಂದೆ ನಿಂತರು. ಮತ್ತೆ ಮುಳ್ಳು ಇಳಿಸಿದರು. ಮೂರನೇ ಸಲದ ಆ ಜಾಗ ಬಂದಾಗ ಅವರ ಬಲಗೈ ತಾನಾಗಿ ಮೇಲೆದ್ದು, ಹಾಡಿನ ಜೊತೆಗೇ ನಿಂತು, ಜೊತೆಗೇ ಇಳಿಯಿತು.

“ಇಷ್ಟು ವರ್ಷ,” ಎಂದರು ಮೆಲ್ಲಗೆ, “ಹೀಗೆ ನಿಲ್ಲೋದು ನನ್ನದೇ ಅಂದ್ಕೊಂಡಿದ್ದೆ.”

ಸಣ್ಣಸ್ವಾಮಿ ಪೆನ್ಸಿಲು ಕೆಳಗಿಟ್ಟ. ಸತ್ತವರೊಬ್ಬರ ಉಸಿರಿನ ಅಳತೆ ಬದುಕಿರುವವರ ಬೆರಳಿನಲ್ಲಿ ಒಂದಿಷ್ಟೂ ಹೆಚ್ಚುಕಡಿಮೆಯಾಗದೆ ಉಳಿದಿತ್ತು. ಇದನ್ನು ಅಳೆಯಲು ಅವನಲ್ಲಿ ಯಾವ ಗೆರೆಯೂ ಇರಲಿಲ್ಲ. ಗುಡಿಯೊಳಗೆ ನಿಂತವನಂತೆ ಎರಡೂ ಕೈ ಕಟ್ಟಿಕೊಂಡು ನಿಂತ.

ಟೀಚರ್ ಪಿಯಾನೊ ಮುಂದೆ ಕೂತು ಮಜುರ್ಕಾ ಶುರುಮಾಡಿದರು. ಮೂರನೇ ಸಲದ ಹೊತ್ತಿಗೆ ಕೈ ನಿಂತಿತು. ಮತ್ತೆ ಮೊದಲಿನಿಂದ ನುಡಿಸಿದರು. ಮತ್ತೆ ನಿಂತಿತು.

“ನಿಲ್ಲದೆ ದಾಟ್ಲಿಕ್ಕೆ ನೋಡಿದೆ ಮಾರಾಯ್ರೆ,” ಎಂದು ಕಣ್ಣೊರೆಸಿಕೊಳ್ಳುತ್ತಾ ನಕ್ಕರು. “ಆಗೋದೇ ಇಲ್ಲ.”

“ದಾಟ್ಬೇಡಿ ಟೀಚರ್,” ಎಂದ ಸಣ್ಣಸ್ವಾಮಿ.