ಪಗಾರ ಸಾಹೇಬರನ್ನು ತಡೆದವರು

ಕಣ್ಣಾರೆ ಕಂಡವರು ಇಬ್ಬರಾದರೂ ಸಿಗದೆ ಒಂದು ಸಾಲನ್ನೂ ಅಚ್ಚಿಗೆ ಕೊಡಬಾರದೆಂದು ಸೊಲ್ಲಾಪುರದ ಪತ್ರಿಕೆಯೊಂದರಲ್ಲಿ ಕಲಿತವನು ನಾನು. ದೆವ್ವದ ಸುದ್ದಿ ತಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ. ಇದನ್ನು ಓದಿ ನೀವೂ ನನಗೆ ಹಾಗೇ ಮಾಡಿದರೆ ಬೇಸರವಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ಅಕ್ಕಲಕೋಟೆಯ ಆಚೆ ಹೈದರಾಬಾದ್ ರಾಜ್ಯದ ಗಡಿ ಇನ್ನೂ ಇತ್ತು. ಗಡಿಯ ಈಚೆಗಿನ ನಮ್ಮ ಪೊಲೀಸ್ ಠಾಣೆಗಳಿಗೆ ಸಂಬಳ ಟಾಂಗಾದಲ್ಲಿ ಹೋಗುತ್ತಿತ್ತು. ಒಯ್ಯುವವರು ಸೈನ್ಯದಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರು. ಎಲ್ಲರ ಬಾಯಲ್ಲಿ ಪಗಾರ ಸಾಹೇಬರು. ದರೋಡೆಯ ಭಯಕ್ಕೆ ಅವರು ಯಾವ ದಾರಿ ಹಿಡಿಯುವುದೆಂದು ಯಾರಿಗೂ ಹೇಳುತ್ತಿರಲಿಲ್ಲ. ದಾರಿ ಕವಲೊಡೆದಲ್ಲಿ ಅವರು ಲಗಾಮು ಎಳೆದಾಗಲೇ ಜೊತೆಗಿದ್ದವರಿಗೂ ತಿಳಿಯುತ್ತಿತ್ತು. ಅವರ ಕೆಲಸದ ಬಗ್ಗೆ ಬರೆಯಲೆಂದು ನಾನೊಮ್ಮೆ ಹೊರಟೆ. ಹಿಂದೆ ಬಂದೂಕು ಹಿಡಿದ ಒಬ್ಬ ಶಿಪಾಯಿ ಕುಳಿತಿದ್ದ.

ಕೊನೆಯ ಠಾಣೆಗೆ ಆ ಸಲ ಸಂಬಳ ತಡವಾಗಿತ್ತು. ಅಲ್ಲಿಯ ಅಂಗಡಿಯವನು ಶಿಪಾಯಿಗಳ ಮನೆಗೆ ಜೋಳ ಕೊಡುವುದನ್ನೇ ನಿಲ್ಲಿಸಿದ್ದನಂತೆ. ಸಾಹೇಬರು ಕುದುರೆಯನ್ನು ಓಡಿಸುತ್ತಲೇ ಇದ್ದರು. ಕವಲಿನಲ್ಲಿ ಥಟ್ಟನೆ ಬೋರಿ ಹೊಳೆಯ ಕಡೆ ತಿರುಗಿಸಿದರು. ನಡು ಮಧ್ಯಾಹ್ನ, ಒಂದು ಮೋಡವಿಲ್ಲ, ಹೊಳೆಯಲ್ಲಿ ಮೊಣಕಾಲುದ್ದ ನೀರು.

ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಬಂದು ಕುದುರೆಯ ಕಡಿವಾಣ ಹಿಡಿದಳು.

“ದಾಟಾಕ ಬಿಡೂದಿಲ್ರಿ ಸಾಹೇಬ್ರ.”

“ಬಿಡವಾ, ಸರಕಾರಿ ಕೆಲಸ ಅದ,” ಎಂದರು ಸಾಹೇಬರು.

“ನೀವ ಹೇಳೀರಲ್ಲರಿ. ಈಗರೆ ಬಂದಿದ್ರಿ. ‘ನಾ ಮತ್ತ ಟಾಂಗಾ ತಗೊಂಡ ಬರ್ತೀನಿ, ಬೈತೀನಿ, ಏನ ಅಂದ್ರೂ ದಾಟಾಕ ಬಿಡಬ್ಯಾಡ’ ಅಂದ್ರಿ.”

ನಮ್ಮ ಕಡೆ ಆಗ ಪಾನನಿಷೇಧವಿತ್ತು. ಶಿಪಾಯಿ ನಕ್ಕ. “ದಾರೂಬಂದಿ ಇದ್ರೂ ನಿನಗ ಶೇಂದಿ ಸಿಗ್ತದೇನ ಯಕ್ಕಾ?”

“ನೀವು ಪೊಲೀಸರು ಕುಡದು ಉಳಿಸಿದ್ರಲ್ಲೇನ ನಮಗ?” ಅವಳು ಕಡಿವಾಣ ಬಿಡಲಿಲ್ಲ.

ನಾವು ಈ ದಾರಿಗೆ ಬರುವುದು ಇವಳಿಗೆ ಹೇಗೆ ಗೊತ್ತು? ಶಿಪಾಯಿಗೂ ಅದೇ ಹೊಳೆದಿರಬೇಕು. ದರೋಡೆಕೋರರೇ ಇವಳನ್ನು ನಿಲ್ಲಿಸಿದ್ದಾರೆಂದು ಬಂದೂಕು ಎತ್ತಿ ಪೊದೆಗಳತ್ತ ನೋಡಿದ. ಸಾಹೇಬರು ತಾಳ್ಮೆ ಕಳೆದುಕೊಂಡು ಅವಳನ್ನು ಬಾಯಿಗೆ ಬಂದಂತೆ ಬೈದರು.

“ನೋಡ್ರಿ, ಬೈದ್ರಿ,” ಎಂದಳು.

ಸಾಹೇಬರು ಎತ್ತಿದ್ದ ಚಾವಟಿ ಹಾಗೇ ನಿಂತಿತು. ಆಗ ಹೊಳೆಯ ಮೇಲಿನ ತಿರುವಿನಿಂದ ಸದ್ದು ಕೇಳಿತು. ಎಲ್ಲೋ ದೂರದಲ್ಲಿ ಸುರಿದ ಮಳೆಯ ನೀರು ಬುಡಸಮೇತ ಜಾಲಿಮರಗಳನ್ನು ಹೊತ್ತು ಆಳೆತ್ತರ ನುಗ್ಗಿ ಬಂತು. ನಾವು ದಾಟುತ್ತಿರಬೇಕಾಗಿದ್ದ ಜಾಗ ಕಣ್ಣೆದುರೇ ಮುಳುಗಿತು. ಬೆದರಿದ ಕುದುರೆಯನ್ನು ಹಿಡಿದು ನಿಲ್ಲಿಸಿದವಳೂ ಅವಳೇ.

ಮರುದಿನ ನೀರಿಳಿದ ಮೇಲೆ ದಾಟಿದೆವು. ಠಾಣೆಗೆ ಪಗಾರ ತಲುಪಿತು. ನನ್ನ ವರದಿಯಲ್ಲಿ ಪ್ರವಾಹ ಬಂತು, ಅವಳ ಮಾತು ಬರಲಿಲ್ಲ. ಸಾಹೇಬರು ಬೆಳಗಿನಿಂದ ನನ್ನ ಪಕ್ಕದಲ್ಲೇ ಕುಳಿತಿದ್ದರು. ಅದನ್ನು ಯಾವ ನ್ಯಾಯಾಲಯದಲ್ಲೂ ಹೇಳಬಲ್ಲೆ.

ದಾಟುವ ಮೊದಲು, ಕಸುಬಿನ ಚಟಕ್ಕೆ, ಸಾಹೇಬರು ಮೊದಲ ಸಲ ಯಾವ ಕಡೆಯಿಂದ ಬಂದಿದ್ದರೆಂದು ಅವಳನ್ನು ಕೇಳಿದ್ದೆ.

“ಹೊಳಿಯಾಗಿಂದ ಎದ್ದ ಬಂದ್ರು. ಮೈಮ್ಯಾಲಿನ ಅರಿವಿ ಎಲ್ಲಾ ತೊಯ್ದಿದ್ವು.”

“ಅವರ ಸಂಗಡ ನಾವಿಬ್ಬರೂ ಇದ್ದೆವೇನವ್ವಾ?”

ಅವಳು ನನ್ನನ್ನೂ ಶಿಪಾಯಿಯನ್ನೂ ಸರದಿಯಾಗಿ ನೋಡಿದಳು.

“ಇಲ್ರಿ. ಒಬ್ರ ಇದ್ರು. ನಿಮ್ಮನ್ನ ಹುಡುಕಾಕತ್ತಿದ್ರು.”